ಮೇ 28ರೊಳಗೆ ಓದಿ ಮುಗಿಸಬೇಕಾದ ಪತ್ರ

ಕ್ಯಾರಿ, ನಾರ್ತ್ ಕ್ಯಾರೊಲಿನಾ
4 ಮೇ 2025, ಭಾನುವಾರ

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಲೇಜು ಮುಗಿಯುವ ಮುಂಚೆಯೇ ನೀನು ಡ್ರಾಫ್ಟ್‌ಗೆ, ಅಂದರೆ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ಟೀಮುಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸುತ್ತಿಗೆ, ಹೆಸರು ಕೊಟ್ಟಿದ್ದೀಯ ಅಂತ ನಿನ್ನಪ್ಪ ಮೊನ್ನೆ ಫೋನ್ ಮಾಡಿ ಹೇಳಿದ. ಅವನ ದನಿ ಕೇಳಿದರೆ ಮಗ ಮನೆ ಬಿಟ್ಟು ಓಡಿಹೋದ ಅನ್ನುವ ಹಾಗಿತ್ತು. ಹಿಂದೆ ನಿನ್ನಮ್ಮ ಮೂಗು ಒರೆಸಿಕೊಳ್ಳುವ ಸದ್ದೂ ಕೇಳಿಸಿತು. ಇಬ್ಬರಿಗೂ ಸಮಾಧಾನ ಹೇಳಿದ್ದೇನೆ. ಈಗ ನಿನ್ನ ಸರದಿ.

ಇಂಗ್ಲಿಷಿನಲ್ಲಿ ಬರೆದರೆ ನೀನು ಫೋನಿನ ಮೇಲೆ ಬೆರಳು ಸರಿಸುತ್ತಾ ಓದಿ, "ಓಕೆ ದೊಡ್ಡಪ್ಪ" ಅಂತ ಕಳಿಸಿ ಮರೆತುಬಿಡುತ್ತೀಯ. ಕನ್ನಡವಾದರೆ ಅಕ್ಷರ ಕೂಡಿಸಿಕೊಂಡು ಓದಬೇಕು. ನಿಧಾನವಾಗಲಿ ಅಂತಲೇ ಹೀಗೆ ಬರೆಯುತ್ತಿದ್ದೇನೆ. ಎಲ್ಲಾದರೂ ತಡವರಿಸಿದರೆ ಅಮ್ಮನ ಹತ್ತಿರ ಓದಿಸಿಕೋ. ಆದರೆ ದುಡ್ಡಿನ ಭಾಗವನ್ನು ನೀನೇ ಓದು.

ಹೆಸರು ಕೊಟ್ಟದ್ದು ಒಳ್ಳೆಯದೇ ಆಯಿತು. ನಿನ್ನಪ್ಪನಿಗೆ ಇದು ಅರ್ಥವಾಗಿಲ್ಲ. ಹೆಸರು ಕೊಟ್ಟರೆ ಕಾಲೇಜು ಮುಗಿದೇ ಹೋಯಿತು ಅಂದುಕೊಂಡಿದ್ದಾನೆ. ಹಿಂದೆ ಹೆಚ್ಚುಕಡಿಮೆ ಹಾಗೇ ಇತ್ತು. ಏಜೆಂಟನ ಕೈ ಹಿಡಿದರೆ ಮತ್ತೆ ಕಾಲೇಜಿನ ಕೋರ್ಟಿಗೆ ಕಾಲಿಡುವ ಹಾಗಿರಲಿಲ್ಲ. 2018ರಲ್ಲಿ ನಿಯಮ ಸಡಿಲವಾಯಿತು. ಈಗ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ಒಪ್ಪಿದ ಏಜೆಂಟ್ ಆದರೆ ಇಟ್ಟುಕೊಳ್ಳಬಹುದು. ವಾಪಸ್ ಬರುವುದಾದರೆ ಆ ಒಪ್ಪಂದ ಮುರಿದು ಬರಬೇಕು, ಅಷ್ಟೇ. ಟೀಮುಗಳ ಮುಂದೆ ಆಡಿ ತೋರಿಸಬಹುದು. ನಿನ್ನ ಆಟದಲ್ಲಿ ಏನು ಕೊರತೆ ಅಂತ ಅವರ ಬಾಯಿಂದಲೇ ಕೇಳಬಹುದು. ಇದು ಬಿಟ್ಟಿ ಸಿಗುವ ಪಾಠ. ಯಾಕೆ ಬಿಡಬೇಕು?

ನಿನ್ನ ಏಜೆಂಟ್ ಆ ಪಟ್ಟಿಯಲ್ಲಿ ಇದ್ದಾನಾ? ಇವತ್ತೇ ನೋಡು. ಅವನು ಊಟ ಕೊಡಿಸಿದ, ಟಿಕೆಟ್ ಮಾಡಿಸಿದ ಅಂತೆಲ್ಲ ಹೇಳಿದೆಯಂತೆ. ಒಂದೊಂದರ ರಸೀದಿಯನ್ನೂ ಇಟ್ಟುಕೋ.

ಮೇ 28ರ ರಾತ್ರಿ 11 ಗಂಟೆ 59 ನಿಮಿಷ. ಅಷ್ಟರೊಳಗೆ ಹೆಸರು ವಾಪಸ್ ತೆಗೆದರೆ ಕಾಲೇಜಿನಲ್ಲಿ ಇನ್ನೊಂದು ವರ್ಷ ನಿನ್ನದು. ಎನ್‌ಬಿಎ ತನ್ನದೇ ಇನ್ನೊಂದು ಗಡುವು ಇಟ್ಟುಕೊಂಡಿದೆ, ಅದು ಜೂನ್‌ನಲ್ಲಿ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡ. ಜೂನ್‌ನಲ್ಲಿ ಹೆಸರು ತೆಗೆದರೆ ಎನ್‌ಬಿಎಗೆ ಸರಿ, ಕಾಲೇಜಿಗೆ ತಡ. ನಮ್ಮ ಮನೆಯ ಫ್ರಿಜ್ ಮೇಲೆ ಆ ತಾರೀಖು ಬರೆದು ಅಂಟಿಸಿದ್ದೇನೆ. ನಿನ್ನ ದೊಡ್ಡಮ್ಮ ಅದನ್ನು ಗ್ಯಾಸ್ ಬಿಲ್ ಕಟ್ಟುವ ದಿನ ಅಂದುಕೊಂಡಿದ್ದಳು.

ಈಗ ದುಡ್ಡಿನ ಮಾತು. ಮೂವತ್ತು ವರ್ಷ ಲೆಕ್ಕಪತ್ರ ಬರೆದವನು ನಾನು. ಇದನ್ನು ಸುಮ್ನೆ ಹಾರಿಸಿಕೊಂಡು ಹೋಗಲಾರೆ.

ಡ್ರಾಫ್ಟ್ ಅಂದರೆ ಎರಡು ಸುತ್ತು. ಈ ಸಲ ಒಟ್ಟು 59 ಹೆಸರು. ಮೊದಲ ಡಿವಿಷನ್‌ನಲ್ಲಿ 350ಕ್ಕೂ ಜಾಸ್ತಿ ಕಾಲೇಜು ಟೀಮುಗಳಿವೆ. ಟೀಮಿಗೆ ಹದಿಮೂರು ಹುಡುಗರು ಅಂದರೂ 4,500 ದಾಟುತ್ತದೆ. ಯೂರೋಪಿನಿಂದ, ಆಸ್ಟ್ರೇಲಿಯಾದಿಂದ ಬರುವ ಹುಡುಗರಿಗೂ ಪಾಲು ಇದೇ 59ರಲ್ಲಿ. ಅದರಲ್ಲೂ ಮೊದಲ 30 ಒಂದು ಲೋಕ, ಉಳಿದ 29 ಇನ್ನೊಂದು ಲೋಕ.

ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಸಂಬಳ ಎಷ್ಟು ಅಂತ ಮೊದಲೇ ಕೋಷ್ಟಕ ಇದೆ. ಎರಡು ವರ್ಷದ ದುಡ್ಡು ಗ್ಯಾರಂಟಿ. ಮಂಡಿ ಮುರಿದರೂ ಬರುತ್ತದೆ. ಆಮೇಲಿನ ಎರಡು ವರ್ಷ ಟೀಮಿನ ಇಷ್ಟ. 30ನೆಯವನಿಗೂ ವರ್ಷಕ್ಕೆ 20 ಲಕ್ಷ ಡಾಲರ್ ಮೇಲೆ ಸಿಗುತ್ತದೆ. 31ನೆಯವನಿಗೆ? ಅವನಿಗೆ ಕೋಷ್ಟಕವೂ ಇಲ್ಲ, ಗ್ಯಾರಂಟಿಯೂ ಇಲ್ಲ. ಚೌಕಾಸಿ ಮಾಡಿ ಏನು ಸಿಕ್ಕಿತೋ ಅದು. ಕೆಲವರಿಗೆ ಒಳ್ಳೆಯ ಕಾಂಟ್ರಾಕ್ಟೇ ಸಿಗುತ್ತದೆ. ಹಲವರಿಗೆ ಸಿಗುವುದು ಟೂ-ವೇ. ಅಂದರೆ ಒಂದು ಕಾಲು ಎನ್‌ಬಿಎಯಲ್ಲಿ, ಇನ್ನೊಂದು ಕಾಲು ಅದರ ಕೆಳಗಿನ ಜಿ ಲೀಗ್‌ನಲ್ಲಿ. ಈ ಸೀಸನ್‌ಗೆ ಅದು 5,78,577 ಡಾಲರ್. ಕೇಳಲು ಚೆನ್ನಾಗಿದೆ. ಆದರೆ ಪೂರ್ತಿ ಗ್ಯಾರಂಟಿ ಇಲ್ಲ, ನಡುವೆ ಬಿಟ್ಟು ಕಳಿಸಬಹುದು. ಅದೂ ಸಿಗದೆ ಬರೀ ಜಿ ಲೀಗ್ ಆದರೆ ಹೋದ ವರ್ಷದ ಲೆಕ್ಕದಲ್ಲಿ ಸೀಸನ್‌ಗೆ 40,500 ಡಾಲರ್. ಕ್ಯಾರಿಯಲ್ಲಿ ಅಪಾರ್ಟ್‌ಮೆಂಟ್ ಬಾಡಿಗೆ ಕೊಟ್ಟರೆ ಎಷ್ಟು ಉಳಿಯುತ್ತದೆ ಅಂತ ನೀನೇ ಕಳೆದು ನೋಡು. ಇನ್ನೊಂದು ವಿಷಯ ನಿನ್ನ ವಯಸ್ಸಿಗೆ ನಗು ತರಿಸಬಹುದು. ಎನ್‌ಬಿಎಯಲ್ಲಿ ಪಿಂಚಣಿ ಕೈಗೆ ಬರಬೇಕಾದರೆ ಮೂರು ವರ್ಷದ ಸೇವೆ ಆಗಬೇಕು.

ಈಗ ಇನ್ನೊಂದು ತಕ್ಕಡಿ. ನಿನ್ನ ಕಾಲೇಜಿನವರು ಮುಂದಿನ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಹೇಳಿದ್ದಾರಂತೆ. ನಾನು ಈ ದೇಶಕ್ಕೆ ಬಂದಾಗ ಕಾಲೇಜು ಆಟಗಾರ ಯಾರಿಂದಲೋ ಒಂದು ಜೊತೆ ಶೂ ತೆಗೆದುಕೊಂಡರೂ ಪೇಪರ್‌ನಲ್ಲಿ ಬರುತ್ತಿತ್ತು. 2021ರ ಜುಲೈ 1ರಿಂದ ಎನ್‌ಐಎಲ್ ಬಂತು. ನಿನ್ನ ಹೆಸರು, ನಿನ್ನ ಮುಖ, ಅದರ ದುಡ್ಡು ನಿನ್ನದು. ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಹಂಚುವ ಒಪ್ಪಂದವೂ ಕೋರ್ಟಿನಲ್ಲಿ ಕಾದು ಕುಳಿತಿದೆ. ಇದರ ಪರಿಣಾಮ ಪಟ್ಟಿಯಲ್ಲೇ ಕಾಣುತ್ತದೆ. 2021ರಲ್ಲಿ 353 ಜನ ಅವಧಿಗೆ ಮುಂಚೆ ಹೆಸರು ಕೊಟ್ಟಿದ್ದರು. ಈ ವರ್ಷ 106. ಹುಡುಗರೇನೂ ದಿಢೀರನೆ ಸರಸ್ವತಿಯ ಭಕ್ತರಾಗಲಿಲ್ಲ. ಉಳಿದರೆ ಜಾಸ್ತಿ ಸಿಗುತ್ತದೆ, ಉಳಿದರು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆ ಎರಡೂವರೆ ಲಕ್ಷವನ್ನೂ ಕಾಗದದ ಮೇಲೆ ತೆಗೆದುಕೋ. ಯಾವ ತಿಂಗಳು ಎಷ್ಟು, ಗಾಯವಾದರೆ ಏನು, ಕೋಚ್ ಬೇರೆ ಕಡೆ ಹೋದರೆ ಏನು, ಎಲ್ಲಾ ಬರೆದಿರಬೇಕು. ಈ ದುಡ್ಡಿಗೆ ಯಾರೂ ಟ್ಯಾಕ್ಸ್ ಹಿಡಿದು ಕೊಡುವುದಿಲ್ಲ, ನೀನೇ ಕಟ್ಟಬೇಕು. ಬಂದ ದಿನವೇ ಮೂರರಲ್ಲಿ ಒಂದು ಪಾಲು ಬೇರೆ ಖಾತೆಗೆ ಹಾಕಿಬಿಡು. ಕಾರು ಆಮೇಲೆ.

ನಮ್ಮ ಕಡೆಯ ಹುಡುಗರ ವಿಷಯ ಹೇಳದೆ ಹೇಗೆ ಬಿಡಲಿ? ಸಿಮ್ ಭುಲ್ಲರ್ ಪಂಜಾಬಿನಿಂದ ಕೆನಡಾಕ್ಕೆ ಬಂದವರ ಮಗ. ಏಳೂವರೆ ಅಡಿ ಎತ್ತರ. ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಎರಡು ವರ್ಷ ಆಡಿ, ಇನ್ನೂ ಎರಡು ವರ್ಷ ಬಾಕಿ ಇರುವಾಗಲೇ 2014ರಲ್ಲಿ ಹೊರಬಂದ. ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಆಡಿದ. ಭಾರತ ಮೂಲದ ಮೊದಲ ಎನ್‌ಬಿಎ ಆಟಗಾರ. ಅವತ್ತು ನಾವು ಟಿವಿ ಮುಂದೆ ಎದ್ದು ನಿಂತಿದ್ದೆವು. ಮೂರು ಪಂದ್ಯ, ಅಷ್ಟಕ್ಕೇ ಮುಗಿಯಿತು. ಅದೇ 2015ರಲ್ಲಿ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ 52ನೆಯವನಾಗಿ ಕರೆಯಿತು. ಪಂಜಾಬಿನ ಹಳ್ಳಿ ಹುಡುಗ. ಕಾಲೇಜಿಗೆ ಹೋಗದೆ ಫ್ಲಾರಿಡಾದ ಅಕಾಡೆಮಿಯಿಂದ ನೇರ ಡ್ರಾಫ್ಟ್‌ಗೆ ಬಂದ. ಎನ್‌ಬಿಎಯಲ್ಲಿ ಒಂದೇ ಒಂದು ಲೀಗ್ ಪಂದ್ಯ ಆಡಲಿಲ್ಲ. ಹೆಸರು ಕೂಗುವುದು ಬೇರೆ, ಅಂಗಳಕ್ಕೆ ಇಳಿಸುವುದು ಬೇರೆ.

ಹಾಗಂತ ಉಳಿದವರೆಲ್ಲ ಗೆದ್ದರು ಅಂತಲೂ ಹೇಳಲಾರೆ. ಇಲ್ಲಿಗೆ ಹತ್ತಿರದ ಚಾಪೆಲ್ ಹಿಲ್ ಕಾಲೇಜಿನ ಅರ್ಮಾಂಡೊ ಬೇಕಾಟ್ ಐದು ವರ್ಷ ಉಳಿದ. ಒಟ್ಟು ರೀಬೌಂಡ್‌ಗಳಲ್ಲಿ ಆ ಕಾಲೇಜಿನ ದಾಖಲೆ ಮುರಿದ. ಹೋದ ವರ್ಷ ಡ್ರಾಫ್ಟ್‌ನಲ್ಲಿ ಅವನ ಹೆಸರು ಬರಲಿಲ್ಲ. ಟೀಮುಗಳಿಗೆ ಎಳೆಯ ಹುಡುಗರೇ ಬೇಕು. ಹತ್ತೊಂಬತ್ತರವನಾದರೆ ಮುಂದೆ ಏನಾಗುತ್ತಾನೆ ನೋಡೋಣ ಅನ್ನುತ್ತಾರೆ. ಇಪ್ಪತ್ತಮೂರರವನಾದರೆ ಇವನು ಇಷ್ಟೇ ಅನ್ನುತ್ತಾರೆ. ನಿನಗೆ ಈಗ ಇಪ್ಪತ್ತೊಂದು. ಇನ್ನೊಂದು ವರ್ಷ ಉಳಿದರೆ ಅದಕ್ಕೂ ಬೆಲೆ ಕೊಡಬೇಕಾಗುತ್ತದೆ. ಇದನ್ನು ನಿನ್ನಿಂದ ಮುಚ್ಚಿಡುವುದು ಸರಿಯಲ್ಲ.

ಆದರೆ ಪರ್ಡ್ಯೂ ಕಾಲೇಜಿನ ಜ್ಯಾಕ್ ಈಡಿ ಮಾಡಿದ್ದನ್ನು ನೋಡು. 2023ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರ ಅವನೇ. ಆದರೂ ಅವನ ಟೀಮು ರಾಷ್ಟ್ರೀಯ ಟೂರ್ನಿಯಲ್ಲಿ 16ನೇ ಸೀಡಿಗೆ, ಅಂದರೆ ಕಟ್ಟಕಡೆಯ ಶ್ರೇಯಾಂಕದ ಟೀಮಿಗೆ ಸೋತು ಮೊದಲ ಸುತ್ತಲ್ಲೇ ಮನೆಗೆ ಬಂದಿತ್ತು. ಹೆಸರು ಕೊಟ್ಟ, ಟೀಮುಗಳ ಮಾತು ಕೇಳಿದ, ಕೊನೆಯ ದಿನ ವಾಪಸ್ ತೆಗೆದ. ಕೆನಡಾದವನು, ಸ್ಟೂಡೆಂಟ್ ವೀಸಾ. ನಿನ್ನ ಹಾಗೆ ಜಾಹೀರಾತಿನ ದುಡ್ಡನ್ನು ಸಲೀಸಾಗಿ ಮುಟ್ಟುವ ಹಾಗೂ ಇರಲಿಲ್ಲ. ಮುಂದಿನ ವರ್ಷ ಟೀಮನ್ನು ಫೈನಲ್ ತನಕ ಒಯ್ದ. 2024ರ ಡ್ರಾಫ್ಟ್‌ನಲ್ಲಿ 9ನೆಯವನಾಗಿ ಮೆಂಫಿಸ್‌ಗೆ ಹೋದ.

ಈಡಿ ಏಳಡಿ ನಾಲ್ಕಂಗುಲ, ನಾನು ಆರಡಿ ಎರಡಂಗುಲ ಅನ್ನುತ್ತೀಯ. ಗೊತ್ತು. ಎತ್ತರವನ್ನು ಬಿಡು. ಅವನು ಮಾಡಿದ ಕ್ರಮ ನೋಡು.

ನನ್ನದೂ ಒಂದು ಕತೆ ಇದೆ. ನಿನ್ನಪ್ಪ ಆಗ ಚಿಕ್ಕವನು, ಅವನಿಗೆ ಪೂರ್ತಿ ಗೊತ್ತಿಲ್ಲ. 1977ರಲ್ಲಿ ನಾನು ಮೈಸೂರಿನಲ್ಲಿ ಬಿ.ಕಾಂ. ಎರಡನೇ ವರ್ಷ. ನನ್ನನ್ನೂ ನನ್ನ ಗೆಳೆಯನೊಬ್ಬನನ್ನೂ ಬೆಂಗಳೂರಿನ ಒಂದು ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ಟೀಮಿನವರು ಕರೆದರು. ಸ್ಪೋರ್ಟ್ಸ್ ಕೋಟಾದಲ್ಲಿ ಕ್ಲರ್ಕ್ ಕೆಲಸ. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಕೌಂಟರ್. ಅಪ್ಪ ಒಂದೇ ಮಾತು ಹೇಳಿದರು. "ಡಿಗ್ರಿ ಮುಗಿಸಿ ಹೋಗು. ಬ್ಯಾಂಕ್ ಎಲ್ಲಿಗೂ ಓಡಿಹೋಗಲ್ಲ." ಬ್ಯಾಂಕ್ ಅಲ್ಲೇ ಇತ್ತು, ನಿಜ. ಮುಂದಿನ ವರ್ಷ ಟೀಮಿನಲ್ಲಿ ಜಾಗ ಇರಲಿಲ್ಲ. ಗೆಳೆಯ ಅವತ್ತೇ ಹೋದ. ಹನ್ನೊಂದು ವರ್ಷ ಆಡಿದ, ಸಂಜೆ ಕಾಲೇಜಿನಲ್ಲಿ ಡಿಗ್ರಿ ಮಾಡಿಕೊಂಡ, ಮ್ಯಾನೇಜರ್ ಆಗಿ ರಿಟೈರ್ ಆದ. ಈಗಲೂ ಅವನ ಮನೆಗೆ ಹೋದರೆ ಶೋಕೇಸ್‌ನಲ್ಲಿರುವ ಟೀಮಿನ ಫೋಟೋ ಕಡೆಗೇ ನನ್ನ ಕಣ್ಣು ಹೋಗುತ್ತದೆ. ಆ ಫೋಟೋದಲ್ಲಿ ನಾನಿಲ್ಲ.

ಹಾಗಾಗಿ "ಮೊದಲು ಓದು ಮುಗಿಸು" ಅಂತ ಕಣ್ಣು ಮುಚ್ಚಿ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಅಪ್ಪ ತಪ್ಪು ಮಾಡಿದರು ಅಂತಲೂ ಅಲ್ಲ. ಆ ಬ್ಯಾಂಕಿನ ಕೆಲಸ ಎಂಥದ್ದು, ಕಾಯಂ ಯಾವಾಗ, ಆಡಲು ಆಗದಿದ್ದರೆ ಏನು ಗತಿ, ಒಂದನ್ನೂ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಅದು ಕಾಯಂ ಕೆಲಸ ಅಂತ ಗೊತ್ತಾಗುತ್ತಿತ್ತು. ಬಹುಶಃ ಅಪ್ಪನೇ ಬಸ್ ಹತ್ತಿಸುತ್ತಿದ್ದರು.

ನಿನ್ನ ವಿಷಯದಲ್ಲೂ ಅದೇ ಪ್ರಶ್ನೆ ಕೇಳೋಣ. ಎನ್‌ಬಿಎ ಕಮಿಟಿ ಕಳಿಸಿದ ಅಭಿಪ್ರಾಯದಲ್ಲಿ ಮೊದಲ ಸುತ್ತಿನ ಮಾತಿಲ್ಲ. ಡ್ರಾಫ್ಟ್‌ಗೆ ಮುಂಚೆ ಎಲ್ಲ ಟೀಮುಗಳೂ ಹುಡುಗರನ್ನು ಪರೀಕ್ಷಿಸುವ ಶಿಕಾಗೊದ ಕಂಬೈನ್ ಶಿಬಿರದ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ಎರಡು ಟೀಮುಗಳು ವರ್ಕ್‌ಔಟ್‌ಗೆ ಕರೆದಿವೆ. ಒಂದು ಟೀಮ್ "ಪ್ರಾಮಿಸ್" ಮಾಡಿದೆ ಅಂತ ಏಜೆಂಟ್ ಹೇಳುತ್ತಾನೆ. ಯಾವ ನಂಬರಿಗೆ? ಯಾವ ಕಾಂಟ್ರಾಕ್ಟ್? ಎಷ್ಟು ವರ್ಷ ಗ್ಯಾರಂಟಿ? ಈ ಮೂರಕ್ಕೂ ಅವನು ಉತ್ತರ ಕೊಟ್ಟರೆ ನನಗೆ ಹೇಳು, ನಾನೇ ನಿನ್ನಪ್ಪನ ಜೊತೆ ಜಗಳ ಆಡುತ್ತೇನೆ. ಮೊದಲ ಸುತ್ತು ಖಚಿತ ಅಂತಾದರೆ ಹೋಗು, ತಿರುಗಿ ನೋಡಬೇಡ. ಎರಡನೇ ಸುತ್ತಿನಲ್ಲೂ ಗ್ಯಾರಂಟಿ ದುಡ್ಡಿನ ನಿಜವಾದ ಮಾತು ಬಂದರೆ ಕೂತು ಲೆಕ್ಕ ಹಾಕೋಣ. ಬರೀ "ನಿನ್ನ ಮೇಲೆ ಅವರಿಗೆ ತುಂಬಾ ಇಷ್ಟ" ಅಂದರೆ 28ರೊಳಗೆ ಹೆಸರು ತೆಗೆದು ಬಾ. ನನ್ನ ಅಂದಾಜು ಈ ಮೂರನೆಯದೇ ಆಗುತ್ತದೆ ಅಂತ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಎಡಗೈ ಡ್ರಿಬಲ್ ಇನ್ನೂ ಹೆದರುತ್ತದೆ. ನನಗೇ ಕಾಣಿಸುವುದು ಸ್ಕೌಟ್‌ಗಳಿಗೆ ಕಾಣಿಸದೆ ಇರುತ್ತದಾ?

ಕಾಲೇಜು ಬದಲಿಸುವವರ ಪೋರ್ಟಲ್‌ಗೂ ಹೆಸರು ಹಾಕಿದ್ದೀಯಂತೆ. ಅಲ್ಲಿ ಒಂದು ತೊಡಕಿದೆ, ಯಾರೂ ಹೇಳಿರುವುದಿಲ್ಲ. ಕಾಲೇಜು ಬದಲಿಸಿದರೆ ಹೊಸ ಕಾಲೇಜು ನಿನ್ನ ಕ್ರೆಡಿಟ್‌ಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ಡಿಗ್ರಿಗೆ 120 ಬೇಕು, ನಿನ್ನದು 94 ಆಗಿದೆ. ಬಾಕಿ 26. ಇದ್ದಲ್ಲೇ ಇದ್ದರೆ ಈ ಬೇಸಿಗೆ ಎರಡು ಕೋರ್ಸ್ ಮಾಡಿ, ಮುಂದಿನ ಮೇ ಒಳಗೆ ಮುಗಿಸಬಹುದು. ಬೇರೆ ಕಡೆ ಹೋದರೆ ಅದು 40 ಆದರೂ ಆಗಬಹುದು. ಹೆಚ್ಚು ದುಡ್ಡು ಕೊಡುವ ಕಾಲೇಜನ್ನು ಮೊದಲು ಇದನ್ನೇ ಕೇಳು.

ಡ್ಯೂಕ್ ಕಾಲೇಜಿನ ಜೇ ವಿಲಿಯಮ್ಸ್ ಈ ಬೇಸಿಗೆ ಕೋರ್ಸಿನ ದಾರಿಯನ್ನೇ ಹಿಡಿದಿದ್ದ. ಬೇಸಿಗೆಯಲ್ಲೂ ಓದಿ ಮೂರೇ ವರ್ಷಕ್ಕೆ ಡಿಗ್ರಿ ಮುಗಿಸಿ 2002ರಲ್ಲಿ ಡ್ರಾಫ್ಟ್‌ಗೆ ಹೋದ, ಎರಡನೆಯವನಾಗಿ ಆಯ್ಕೆಯಾದ. ಮರುವರ್ಷ ಬೈಕ್ ಅಪಘಾತ. ಮತ್ತೆ ಎನ್‌ಬಿಎಯಲ್ಲಿ ಆಡಲಿಲ್ಲ. ಆ ಸುದ್ದಿ ಬಂದ ದಿನ ನಮ್ಮ ಆಫೀಸಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಇನ್ನು ಸ್ಟೀಫನ್ ಕರಿ ನಿನಗೆ ದೇವರು. ಡೇವಿಡ್‌ಸನ್ ಕಾಲೇಜಿನಲ್ಲಿ ಮೂರು ವರ್ಷ ಆಡಿ 2009ರಲ್ಲಿ ಹೋದ. ಡಿಗ್ರಿ ಮುಗಿಸಿದ್ದು 2022ರಲ್ಲಿ. ಡಿಗ್ರಿ ಇಲ್ಲದವನ ಜೆರ್ಸಿಯನ್ನು ಗೌರವಕ್ಕೆ ಮೇಲೇರಿಸುವುದಿಲ್ಲ ಅಂತ ಆ ಕಾಲೇಜಿನ ನಿಯಮ. ಅಷ್ಟು ದೊಡ್ಡ ಆಟಗಾರನಿಗೂ ಹದಿಮೂರು ವರ್ಷ ಕಾಯಿಸಿದರು. ನನಗೆ ಆ ಕಾಲೇಜಿನ ಮೇಲೆ ಗೌರವ ಬಂದದ್ದು ಅವತ್ತು.

ಬುಧವಾರದೊಳಗೆ ಮೂರು ಕಾಗದ ಕಳಿಸು. ಏಜೆಂಟನ ಒಪ್ಪಂದ, ಕಾಲೇಜಿನವರ ಎನ್‌ಐಎಲ್ ಒಪ್ಪಂದ, ನಿನ್ನ ಕ್ರೆಡಿಟ್ ಪಟ್ಟಿ. ಫೋಟೋ ತೆಗೆದು ಕಳಿಸಬೇಡ, ನನ್ನ ಕಣ್ಣಿಗೆ ಆಗುವುದಿಲ್ಲ. ಸ್ಕ್ಯಾನ್ ಮಾಡು. ವರ್ಕ್‌ಔಟ್‌ಗೆ ಹೋಗುವ ಮುಂಚೆ ಅಮ್ಮನಿಗೆ ನೀನೇ ಫೋನ್ ಮಾಡು, ನನ್ನ ಕೈಲಿ ಹೇಳಿಸಬೇಡ.

ದೊಡ್ಡಮ್ಮ ಪಾರ್ಸೆಲ್ ಕಳಿಸಿದ್ದಾಳೆ. ಕೆಂಪು ಮುಚ್ಚಳದ್ದು ಶೇಂಗಾ ಚಟ್ನಿಪುಡಿ, ನೀಲಿಯದ್ದು ಹುರಳಿಕಾಳಿನದು. ರೂಂಮೇಟ್‌ಗೆ ನೀಲಿಯದ್ದು ಕೊಡು. ಕೆಂಪಿನದು ಅವನು ತಡೆಯಲಾರ.

ಇಂತಿ ನಿನ್ನ
ದೊಡ್ಡಪ್ಪ