ಕೆಂಪಿಗೂ ಒಂದನೇ ಕ್ಲಾಸು

ಹಾಸನ

ಪ್ರೀತಿಯ ಗೆಳತಿಗೆ,

ನಿಮ್ಮ ಹಸ್ತಪ್ರತಿಯನ್ನು ಓದಿ ಮುಗಿಸಿದೆ. ಚನ್ನರಾಯಪಟ್ಟಣದ ಕಡೆಯ ನಿಮ್ಮ ಹಳ್ಳಿಯಲ್ಲಿ ದನ, ಕುರಿ, ಕೋಳಿಗಳ ಜೊತೆಯಲ್ಲೇ ಬೆಳೆಯುತ್ತಿರುವ ಪುಟ್ಟ ಮಕ್ಕಳ ಮಾತುಗಳನ್ನು ಕೇಳಿದ ಕೂಡಲೇ ಬರೆದಿಟ್ಟುಕೊಂಡಿದ್ದೀರಿ. ಕಥೆ ಬರೆಯುವ ಆಸೆಯುಳ್ಳವರು ಸಾಮಾನ್ಯವಾಗಿ ದೊಡ್ಡವರ ಜಗಳಗಳಿಗೆ ಕಿವಿ ಕೊಡುತ್ತಾರೆ. ನೀವು ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಐದಾರು ವರ್ಷದವರಿಗೆ ಕಿವಿ ಕೊಟ್ಟಿರಿ. ಅದು ನನಗೆ ತುಂಬ ಹಿಡಿಸಿತು. ಹಿಡಿಸಿತು ಎಂಬ ಕಾರಣಕ್ಕೇ ತಿದ್ದಬೇಕಾದ್ದನ್ನು ನೇರವಾಗಿ ಹೇಳುತ್ತೇನೆ.

ಹೆಚ್ಚುಕಡಿಮೆ ಪ್ರತಿ ಪ್ರಸಂಗದ ಕೊನೆಗೂ "ಎಲ್ಲರೂ ಬಿದ್ದು ಬಿದ್ದು ನಕ್ಕರು" ಎಂದು ಬರೆದಿದ್ದೀರಿ. ಆ ಸಾಲುಗಳನ್ನೆಲ್ಲ ಹೊಡೆದುಹಾಕಿ. ನಗಿಸಬೇಕೆಂದು ಆ ಮಕ್ಕಳು ಬಾಯಿ ತೆರೆದಿರಲಿಲ್ಲ. ಏನನ್ನೋ ಕಂಡಿದ್ದರು, ಕಂಡದ್ದನ್ನು ಹೇಳಿದರು. ದೊಡ್ಡವರ ನಗು ಪುಟದ ಮೇಲೆ ಬಂದೊಡನೆ ಓದುಗರ ಕಣ್ಣು ಮಗುವನ್ನು ಬಿಟ್ಟು ಅತ್ತ ತಿರುಗುತ್ತದೆ. ಮಗು ಕಂಡದ್ದು ಏನು, ಎಲ್ಲಿ ನಿಂತು ಕಂಡಿತು ಎಂಬುದು ಮರೆಯಾಗುತ್ತದೆ. ನೀವು ಬರೆಯಬೇಕಾದದ್ದು ಅದನ್ನೇ.

ಮುಂದಿನ ಹಲ್ಲು ಬಿದ್ದ ಹುಡುಗಿಯ ಮಾತನ್ನು ನೋಡಿ. "ನಮ್ಮ ಕೆಂಪಿಗೂ ಮೇಲಿನ ಹಲ್ಲು ಬಿದ್ದಿದೆ, ಅದಕ್ಕೂ ಒಂದನೇ ಕ್ಲಾಸು" ಎಂದಳಂತೆ. ಇದನ್ನು ನೀವು "ಮುಗ್ಧತೆ" ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದೀರಿ. ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ನಿಜವಾಗಿಯೂ ಹಲ್ಲುಗಳಿಲ್ಲ. ಅಲ್ಲಿರುವುದು ಗಟ್ಟಿಯಾದ ವಸಡು. ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದು, ಆ ವಸಡಿಗೂ ಕೆಳಗಿನ ಹಲ್ಲಿಗೂ ನಡುವೆ ಒತ್ತಿ ಹಿಡಿದು ಕೀಳುತ್ತದೆ. ದಿನವೂ ಹಾಲು ಕುಡಿಯುವ ಎಷ್ಟು ದೊಡ್ಡವರಿಗೆ ಇದು ಗೊತ್ತಿದೆ? ಹುಡುಗಿಗೆ ಹೇಗೆ ಗೊತ್ತಾಯಿತು? ನಿಮ್ಮದೇ ಬರಹದಲ್ಲಿ, ಬೇರೊಂದು ಕಡೆ, ಅವಳ ಅಜ್ಜ ಹೊಟ್ಟೆಯುಬ್ಬರಕ್ಕೆಂದು ಕೆಂಪಿಗೆ ಗೊಟ್ಟದಲ್ಲಿ ಔಷಧಿ ಹಾಕುವ ಮಾತು ಬರುತ್ತದೆ. ಹಸುವಿನ ಕತ್ತನ್ನು ಮೇಲೆತ್ತಿ, ಬಿದಿರಿನ ಗೊಟ್ಟವನ್ನು ಬಾಯಿಯ ಪಕ್ಕದಿಂದ ತೂರಿಸುವಾಗ ಇವಳು ಅಲ್ಲೇ ಕೆಳಗೆ ನಿಂತು ಇಣುಕಿರಬೇಕು. ಅಜ್ಜನನ್ನು ಕೇಳಿ ಖಚಿತ ಮಾಡಿಕೊಳ್ಳಿ. ಹೌದಾದರೆ ಗೊಟ್ಟ, ಅಜ್ಜನ ಮೊಣಕೈ, ಹಸುವಿನ ತೆರೆದ ಬಾಯಿ, ಹುಡುಗಿಯ ನಾಲಿಗೆ ತನ್ನದೇ ಹಲ್ಲಿನ ಸಂದಿಯನ್ನು ತಡಕುವುದು, ಇಷ್ಟನ್ನು ಬರೆದು ಆಮೇಲೆ ಅವಳ ಮಾತನ್ನು ಇಡಿ. ವಿವರಣೆ ಬೇಕಾಗುವುದಿಲ್ಲ.

ಮಾಸಿನ ಪ್ರಸಂಗವೂ ಹೀಗೆಯೇ. ಹಸು ಈದ ಮೇಲೆ ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿ ಬರುವುದು, ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಹಸುವಿನ ಹಾಲು ಹೆಚ್ಚುತ್ತದೆಂದು ನಂಬುವುದು ನಮ್ಮ ಕಡೆ ಹಳೆಯ ರೂಢಿ. ಅಪ್ಪನ ಹಿಂದೆಯೇ ಮರದವರೆಗೂ ಹೋಗಿಬಂದ ಹುಡುಗ ಮನೆಗೆ ಬಂದು "ಅಮ್ಮಾ, ನನ್ನ ಮಾಸನ್ನು ಯಾವ ಮರಕ್ಕೆ ಕಟ್ಟಿದಿರಿ?" ಎಂದು ಕೇಳಿದ್ದು ನಿಮ್ಮ ಸಂಗ್ರಹದ ಅತ್ಯುತ್ತಮ ಮಾತು. ಅದನ್ನು ಇಡೀ ಪುಸ್ತಕಕ್ಕೆ ಮೊದಲನೆಯದಾಗಿ ಇಟ್ಟರೂ ಸರಿಯೇ. ತಾಯಿ ಏನೆಂದರು ಎಂಬುದನ್ನು ನೀವು ಬರೆದಿಲ್ಲ. ಏನೋ ಹೇಳಿರುತ್ತಾರೆ, ಅದೂ ಬೇಕು.

ಈಗ ನೀವು ಸಂಕೋಚಪಟ್ಟ ಜಾಗಕ್ಕೆ ಬರುತ್ತೇನೆ. "ನಮ್ಮ ಕರುವಿನ ಅಪ್ಪ ಬೈಕಿನಲ್ಲಿ ಬರುತ್ತಾರೆ" ಎಂದ ಮಗುವಿನ ಮಾತನ್ನು ಬರೆದು, ಮರುಸಾಲಿನಲ್ಲೇ "ಇಂಜೆಕ್ಷನ್ ಕೊಡುವ ಡಾಕ್ಟರನ್ನು ಕಂಡು ಹಾಗೆಂದಿತು" ಎಂದು ಅವಸರದಲ್ಲಿ ಮುಚ್ಚಿದ್ದೀರಿ. ಯಾಕೆ? ಹಸು ಬೆದೆಗೆ ಬಂದಿದೆ ಎಂದು ಬೆಳಿಗ್ಗೆ ಮನೆಯಲ್ಲಿ ಗಟ್ಟಿಯಾಗಿ ಮಾತಾಡಿಕೊಂಡಿದ್ದಾರೆ. ಬೈಕಿನಲ್ಲಿ ಬಂದವರು ಡಬ್ಬದ ಮುಚ್ಚಳ ತೆಗೆದಾಗ ಬಿಳಿ ಹೊಗೆ ಎದ್ದಿದೆ. ಒಳಗಿರುವ ದ್ರವ ಸಾರಜನಕದ ಶೀತ ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ. ಹೋರಿಯ ವೀರ್ಯವಿರುವ, ಕಡ್ಡಿಯಷ್ಟು ತೆಳುವಾದ ನಳಿಕೆಯನ್ನು ಹೊರತೆಗೆದು, ಭುಜದವರೆಗೂ ಕೈಗವಸು ಹಾಕಿಕೊಂಡು ಅವರು ಕೆಲಸ ಮುಗಿಸಿದ್ದಾರೆ. ಒಂಬತ್ತು ತಿಂಗಳಿಗೆ ಕರು ಹುಟ್ಟಿದೆ. ಇದೆಲ್ಲವನ್ನೂ ನೋಡಿದ ಮಗುವಿನ ತರ್ಕದಲ್ಲಿ ತಪ್ಪೆಲ್ಲಿದೆ? ಬೆದೆ, ಗಬ್ಬ, ಈಯುವುದು, ಇವೆಲ್ಲ ಹಸು ಕಟ್ಟಿದ ಮನೆಗಳಲ್ಲಿ ಮಕ್ಕಳ ಮುಂದೆಯೇ ಓಡಾಡುವ ಮಾತುಗಳು. ಅವುಗಳಲ್ಲಿ ಅಶ್ಲೀಲವಾದದ್ದು ಒಂದಿಷ್ಟೂ ಇಲ್ಲ. ಬರೆಯುವವರ ಕೈ ನಡುಗಿದರೆ ಮಾತ್ರ ಅಲ್ಲಿ ಅಶ್ಲೀಲ ಹುಟ್ಟುತ್ತದೆ. ಧೈರ್ಯವಾಗಿ ಬರೆಯಿರಿ.

ಸಣ್ಣಪುಟ್ಟವು ಚೆನ್ನಾಗಿವೆ. ಡೈರಿಯಲ್ಲಿ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರ್ ಅದ್ದುವುದನ್ನು ಕಂಡು "ಹಾಲಿಗೆ ಜ್ವರ ನೋಡುತ್ತಿದ್ದಾರೆ" ಎಂದದ್ದು, ಹಾಲಿನ ಜಿಡ್ಡು ಶೇಕಡಾ 3.5ಕ್ಕಿಂತ ಕಡಿಮೆ ಬಂದ ದಿನ "ನಮ್ಮ ಗೌರಿ ಫೇಲ್" ಎಂದದ್ದು, ಹಸುವಿನ ಕಿವಿಯ ಹಳದಿ ಬಿಲ್ಲೆಯಲ್ಲಿರುವ 12 ಅಂಕಿಗಳನ್ನು ಎಣಿಸಿ "ಒಂದೇ ಕಿವಿಗೆ ಓಲೆ ಯಾಕೆ?" ಎಂದದ್ದು ಹಾಗೆಯೇ ಇರಲಿ. 2022ರ ಚರ್ಮಗಂಟು ರೋಗದ ಪುಟವನ್ನು ಮಾತ್ರ ತಿದ್ದಿ. ಮೈತುಂಬ ಗಂಟೆದ್ದ ಹೋರಿಯನ್ನು ನೋಡಿ "ಇದಕ್ಕೆ ಸೊಳ್ಳೆ ಕಚ್ಚಿದೆ, ಪರದೆ ಕಟ್ಟಿ" ಎಂದ ಮಗುವನ್ನು ಮನೆಯವರು ಗದರಿದರು ಎಂದು ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಆ ರೋಗ ಹರಡುವುದೇ ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳಿಂದ. ಮಗು ಹೇಳಿದ್ದು ಸರಿಯಾಗಿತ್ತು. ಅದು ಸರಿಯೆಂದು ಓದುಗರಿಗೆ ಗೊತ್ತಾಗಬೇಕು.

ಟಗರಿನ ಕಥೆಯ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ. ಹುಡುಗ ತಾನೇ ಸೊಪ್ಪು ತಂದು ಹಾಕಿ, ಮೈ ತೊಳೆದು, ರಾಜ ಎಂದು ಹೆಸರಿಟ್ಟು ಸಾಕಿದ ಟಗರನ್ನು ಯುಗಾದಿಯ ಮರುದಿನ ಹೊಸತೊಡಕಿಗೆ ಕಡಿದರು. ಹುಡುಗ ಅತ್ತು ಅತ್ತು ಊಟ ಬಿಟ್ಟ ಎಂದು ನೀವು ಬರೆದಿದ್ದೀರಿ. ಆದರೆ ಹಾಳೆಯ ಹಿಂಬದಿಯಲ್ಲಿ, ಬಹುಶಃ ಅಳಿಸಲು ಮರೆತು, ಪೆನ್ಸಿಲಿನಲ್ಲಿ ಬೇರೆಯದೇ ಇದೆ. ಹುಡುಗ ಬೆಳಿಗ್ಗೆ ಅತ್ತ. ಮಧ್ಯಾಹ್ನ ಈಲಿಯ ತುಂಡನ್ನು ಕೇಳಿ ಹಾಕಿಸಿಕೊಂಡು ತಿಂದ. ಕೈ ತೊಳೆಯುವಾಗ "ನಾಳೆ ಸೊಪ್ಪು ಯಾರಿಗೆ ತರುವುದು?" ಎಂದ. ನಡೆದದ್ದು ಇದು. ಇಷ್ಟು ನಿಜವಾದದ್ದನ್ನು ಕೈಯಲ್ಲಿಟ್ಟುಕೊಂಡು ಬೇರೆ ಯಾಕೆ ಬರೆದಿರಿ? ಹುಡುಗ ಕಲ್ಲುಮನಸ್ಸಿನವನು ಎಂದು ಓದುಗರು ಅಂದುಕೊಂಡಾರು ಎಂಬ ಭಯವೇ? ಸಾಕಿದ ಪ್ರೀತಿಯೂ ತಿಂದ ರುಚಿಯೂ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದನ್ನು ಕುರಿ ಸಾಕುವ ಮನೆಯ ಮಕ್ಕಳು ಬಲು ಬೇಗ ಬಲ್ಲರು. ಊಟ ಬಿಟ್ಟ ಹುಡುಗನನ್ನು ನಾವು ಬೇಕಾದಷ್ಟು ಕಥೆಗಳಲ್ಲಿ ಓದಿಯಾಗಿದೆ. ಈಲಿ ತಿಂದು ಸೊಪ್ಪಿನ ಚಿಂತೆ ಮಾಡಿದ ಹುಡುಗನನ್ನು ನಾನು ಮೊದಲ ಸಲ ಕಂಡದ್ದು ನಿಮ್ಮ ಹಾಳೆಯ ಹಿಂಬದಿಯಲ್ಲಿ. ಅವನನ್ನು ಮುಂಬದಿಗೆ ತನ್ನಿ.

ಒಂದು ಪ್ರಸಂಗವನ್ನು ಮಾತ್ರ ಕೈಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮಕ್ಕಳಿಲ್ಲದ ಅತ್ತೆಯನ್ನು ಹುಡುಗಿ ಎಲ್ಲರೆದುರು "ನೀನು ಗೊಡ್ಡಾ?" ಎಂದು ಕೇಳಿದ್ದು. ಸಂತೆಗೆ ಹೊಡೆಯಲಿರುವ ಹಸುವಿನ ಬಗ್ಗೆ ಹಿಂದಿನ ದಿನ ಕೇಳಿದ ಮಾತನ್ನು ಹುಡುಗಿ ಹಾಗೆಯೇ ಒಯ್ದು ಕೇಳಿದಳು, ಅವಳ ತಪ್ಪಿಲ್ಲ. ಆದರೆ ಆ ಹೆಂಗಸು ನಿಮ್ಮ ಊರಿನಲ್ಲೇ ಇದ್ದಾರೆ, ನಿಮ್ಮ ಪುಸ್ತಕವನ್ನು ಯಾರಾದರೂ ಅವರಿಗೆ ಓದಿ ಹೇಳಿಯೇ ಹೇಳುತ್ತಾರೆ. ಅವರನ್ನು ಕೇಳಿ, ಅವರು ಮನಸಾರೆ ಒಪ್ಪಿದರೆ ಬರೆಯಿರಿ. ಇಲ್ಲವಾದರೆ ಬೇಡ. ಮಕ್ಕಳ ನಿಜವಾದ ಹೆಸರುಗಳನ್ನೂ ಶಾಲೆಯ ಹೆಸರನ್ನೂ ತೆಗೆದುಬಿಡಿ. ಮಾಸಿನ ಮಾತು ಕೇಳಿದ ಹುಡುಗ ಹತ್ತನೇ ತರಗತಿಗೆ ಬಂದಾಗ ಸಹಪಾಠಿಗಳು ಅದನ್ನು ಹಿಡಿದು ಅವನನ್ನು ಕಾಡುವಂತಾಗಬಾರದು. ಕೆಂಪಿ, ಗೌರಿ, ರಾಜ ಎಂಬ ಹೆಸರುಗಳು ಇರಲಿ.

ಇನ್ನೂ ಮಾತು ಸಂಗ್ರಹಿಸುವ ಮನಸ್ಸಿದ್ದರೆ ನಿಮ್ಮ ಊರಿನ ಆಚೆಗೂ ಹೋಗಿ. ಪ್ರಾಣಿ ಬದಲಾದರೆ ಮಕ್ಕಳ ಮಾತೂ ಬದಲಾಗುತ್ತದೆ. ಅಜ್ಜಂಪುರದ ಕಡೆ ಅಮೃತ ಮಹಲ್ ರಾಸುಗಳ ಹಿಂದಕ್ಕೆ ಬಾಗಿದ ಉದ್ದ ಕೊಂಬುಗಳನ್ನು ನೋಡಿ ಒಂದು ಮಗು "ಇವು ತಲೆ ಬಾಚಿಕೊಂಡು ಬಂದಿವೆ" ಎಂದದ್ದನ್ನು ನಾನೇ ಕೇಳಿದ್ದೇನೆ. ಸಕಲೇಶಪುರದ ಕಡೆ ಮಲೆನಾಡು ಗಿಡ್ಡ ತಳಿಯ ಹಸು ಮಳೆಗಾಲದಲ್ಲಿ ಮೂಗಿಗೆ ಉಂಬಳ ಹತ್ತಿಸಿಕೊಂಡು ಮನೆಗೆ ಬರುತ್ತದೆ. ಅಲ್ಲಿನ ಮಕ್ಕಳಿಗೆ ಹೇಳಲು ಬೇರೆಯದೇ ಇರುತ್ತದೆ. ನಿಮಗೆ ಹತ್ತಿರದ್ದು ಹಿರೀಸಾವೆ ಹೋಬಳಿಯ ಬೂಕನಬೆಟ್ಟದ ದನಗಳ ಜಾತ್ರೆ. ಅಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ, ಎತ್ತಿನ ಬಾಯಿ ತೆರೆದು ಹಲ್ಲು ಎಣಿಸಿ ವಯಸ್ಸು ಹೇಳುತ್ತಾರೆ. ಎತ್ತಿನ ಪಕ್ಕದ ಹುಲ್ಲಿನ ಹೊರೆಯ ಮೇಲೆ ಕುಳಿತ ಮಕ್ಕಳು ಇದನ್ನೆಲ್ಲ ಬಿಡದೆ ನೋಡುತ್ತಿರುತ್ತಾರೆ. ನೀವಾಗಿ ಪ್ರಶ್ನೆ ಕೇಳಬೇಡಿ. ಕೇಳಿದರೆ ಮಕ್ಕಳು ನಿಮಗೆ ಬೇಕಾದ ಉತ್ತರವನ್ನೇ ಹುಡುಕಿ ಕೊಡುತ್ತಾರೆ. ಹೊರೆಯ ಇನ್ನೊಂದು ತುದಿಯಲ್ಲಿ ಸುಮ್ಮನೆ ಕುಳಿತುಕೊಳ್ಳಿ.

ಟಗರಿನ ಕಥೆಯನ್ನು ಮೊದಲು ಬರೆದು ಕಳುಹಿಸಿ, ಉಳಿದವುಗಳಿಗೆ ಅವಸರವಿಲ್ಲ. ಹಾಳೆಯ ಎರಡೂ ಬದಿಯನ್ನು ಕಳುಹಿಸಿ.

ನಿಮ್ಮ ಹಿತೈಷಿ