ಹೂ ಕಟ್ಟುವ ಕೈಯ ವಿಚಾರ

ಚಿ. ಪುಟ್ಟಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ಅಕ್ಟೋಬರ್ 27ರ ವಿಶ್ವ ಆಕ್ಯುಪೇಷನಲ್ ಥೆರಪಿ ದಿನದಂದು ಹಿರಿಯರ ಭಾವಚಿತ್ರಗಳಿಗೆ ಹಾರ ಹಾಕಿ ನಾಲ್ಕು ಮಾತಾಡಬೇಕಾಗಿದೆ, ಏನು ಹೇಳಲೆಂದು ತೋಚುತ್ತಿಲ್ಲ ಎಂದು ಬರೆದಿದ್ದೀಯೆ. ದಿನನಿತ್ಯದ ಕೆಲಸಗಳನ್ನೇ ಮದ್ದಾಗಿಸಿ ರೋಗಿಯನ್ನು ಮತ್ತೆ ತನ್ನ ದಿನಚರಿಗೆ ಅಣಿಮಾಡುವ ವಿದ್ಯೆ ನಮ್ಮದು; ಆದರೂ ಎಲ್ಲರೂ ‘ಫಿಸಿಯೋಥೆರಪಿಯೇ?’ ಎಂದು ಕೇಳುತ್ತಾರೆಂಬ ಬೇಸರವೂ ನಿನಗಿದೆ. ನಾನು ‘ಉದ್ಯೋಗ ಚಿಕಿತ್ಸೆ’ ಎಂದು ಕನ್ನಡದಲ್ಲಿ ಹೇಳಿದ ಕಾಲಕ್ಕೆ, ಮಗನಿಗೊಂದು ಕೆಲಸ ಕೊಡಿಸಿ ಎಂದು ಅರ್ಜಿ ಹಿಡಿದು ಬಂದವರೂ ಇದ್ದರು!

ಹಾರ ಹಾಕುವ ಮೊದಲು ಆ ಹಿರಿಯರು ಎಂಥವರೆಂದು ನೋಡು. 1917ರ ಮಾರ್ಚ್ 15ರಂದು ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನ ಒಂದು ಮನೆಯಲ್ಲಿ ಸೇರಿ ಈ ವೃತ್ತಿಯ ಸಂಘವನ್ನು ಕಟ್ಟಿದ ಆರು ಮಂದಿಯಲ್ಲಿ, ಮನೆಯ ಯಜಮಾನರಾದ ಜಾರ್ಜ್ ಬಾರ್ಟನ್ ವೈದ್ಯರಲ್ಲ, ವಾಸ್ತುಶಿಲ್ಪಿ. ಕ್ಷಯದಿಂದ ನರಳಿ, ಪಾದದ ಶಸ್ತ್ರಚಿಕಿತ್ಸೆಯ ಬಳಿಕ ದೇಹದ ಎಡಭಾಗದ ಸ್ವಾಧೀನ ತಪ್ಪಿ, ತೋಟದ ಕೆಲಸ, ಮರಗೆಲಸಗಳಿಂದಲೇ ಚೇತರಿಸಿಕೊಂಡ ರೋಗಿ ಅವರು. ಆ ಆರು ಮಂದಿಯಲ್ಲಿ ಇನ್ನೊಬ್ಬರಾದ ಎಲೀನರ್ ಕ್ಲಾರ್ಕ್ ಸ್ಲೇಗಲ್ ಅವರು ಮಾನಸಿಕ ರೋಗಿಗಳಿಗೆ ಏಳುವ, ಉಣ್ಣುವ, ದುಡಿಯುವ, ಆಡುವ ಹೊತ್ತುಗಳನ್ನು ಮತ್ತೆ ರೂಢಿ ಮಾಡಿಸಿದರು. ನಮ್ಮಲ್ಲಿ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆಯ ಶಾಲೆ ತೆರೆದ ಕಮಲಾ ನಿಂಬ್ಕರ್ ಅಮೆರಿಕದಲ್ಲಿ ಹುಟ್ಟಿ ಈ ದೇಶಕ್ಕೆ ಸೊಸೆಯಾಗಿ ಬಂದವರು. ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿ ಈ ವಿದ್ಯೆ ಕಲಿತವರು. 1952ರಲ್ಲಿ ನಮ್ಮ ವೃತ್ತಿಯ ಅಖಿಲ ಭಾರತ ಸಂಘವೂ ಹುಟ್ಟಿತು.

ಇವರೆಲ್ಲ ತಮ್ಮ ಎದುರಿಗಿದ್ದ ಜನರ ದಿನಚರಿಯನ್ನು ನೋಡಿದರು. ನಾನು ಅದನ್ನು ತಡವಾಗಿ ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪಾರ್ಶ್ವವಾಯುವಿನಿಂದ ಬಲಗೈ ಸೋತ ಅಜ್ಜಿಯೊಬ್ಬರಿಗೆ ವಾರಗಟ್ಟಲೆ ಹಲಗೆಯ ತೂತುಗಳಿಗೆ ಗೂಟ ಸಿಕ್ಕಿಸುವ ಅಭ್ಯಾಸ ಮಾಡಿಸಿದೆ. ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು. ದಿನಾ ದೇವರಿಗೆ ಹೂ ಕಟ್ಟುತ್ತಿದ್ದವರು ಎಂದು ಮಗಳು ಹೇಳಿದ ಮೇಲೆ ಬಾಳೆನಾರು, ಕಾಕಡ ಹೂ ತಂದಿಟ್ಟೆ. ಮೊದಲ ದಿನ ಒಂದು ಗಂಟೂ ನಿಲ್ಲಲಿಲ್ಲ. ಆದರೂ ಅಂದು ಹೊರಡುವಾಗ, ‘ನಾಳೆ ಎಷ್ಟು ಹೊತ್ತಿಗೆ ಬರಲಿ?’ ಎಂದು ಅವರೇ ಕೇಳಿದರು.

ಆರೋಗ್ಯ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯಿದೆಯಲ್ಲಿ ನಮ್ಮ ವೃತ್ತಿಯ ಹೆಸರೂ ಸೇರಿತು, ಸಂತೋಷ. ಆದರೆ ರೋಗಿಗೆ ಏನೇನು ಕೈಲಾಗುತ್ತದೆಂದು ತಿಳಿಯಲು ನಾನು ತುಂಬಿದ ಪರೀಕ್ಷಾ ನಮೂನೆಗಳು ಸ್ನಾನದ ತೊಟ್ಟಿಯನ್ನೂ ಫೋರ್ಕನ್ನೂ ಕೇಳುತ್ತಿದ್ದವೇ ಹೊರತು ಮಣೆಯ ಮೇಲೆ ಕೂತು ಏಳುವುದನ್ನು, ಅನ್ನಕ್ಕೆ ಸಾರು ಕಲಸುವುದನ್ನು, ಮುದ್ದೆ ತಿರುವುವುದನ್ನು, ಸೀರೆಯ ನೆರಿಗೆ ಹಿಡಿಯುವುದನ್ನು ಕೇಳುತ್ತಿರಲಿಲ್ಲ. ವೃತ್ತಿಯನ್ನು ಮುಂದಕ್ಕೆ ಒಯ್ಯುವ ಆಸೆ ನಿನಗಿದ್ದರೆ ಈ ಕೊರತೆಯಿಂದ ಆರಂಭಿಸು. ಪ್ರತಿ ರೋಗಿಯ ಮನೆಯ ಒಂದು ದಿನವನ್ನು ಕೇಳಿ ಬರೆದಿಡು. ಬರೆದದ್ದನ್ನು ಸಂಘದ ಪತ್ರಿಕೆಗೂ ಕಳಿಸು. ಭಾಷಣದಲ್ಲಿ ಭಾವಚಿತ್ರದವರ ಬಗ್ಗೆ ಎರಡು ನಿಮಿಷ ಸಾಕು, ಉಳಿದ ಹೊತ್ತು ನಿನ್ನ ಒಬ್ಬ ರೋಗಿಯ ಬೆಳಗಿನ ಬಗ್ಗೆ ಹೇಳು.

ಕನ್ನಡದಲ್ಲೇ ಒಂದು ನಮೂನೆಯ ಕರಡು ಮಾಡಿ ಕಳಿಸಿದರೆ, ಹಳ್ಳಿಮನೆಯ ಕೆಲಸಗಳಲ್ಲಿ ಬಿಟ್ಟುಹೋದದ್ದನ್ನು ನಾನು ಸೇರಿಸಿಕೊಡುತ್ತೇನೆ.

ಇತಿ,
ನಿನ್ನ ಅತ್ತೆ