ಈ ವಾರದ ಓದು: ಭಾಮಿನಿ ಷಟ್ಪದಿ

ಎಲ್ಲರಿಗೂ ನಮಸ್ಕಾರ. ಈ ವಾರ ಕುಮಾರವ್ಯಾಸ. ಅವನ ಭಾರತ ಇರುವುದು ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಪದ್ಯಗಳಲ್ಲಿ. ಪದ್ಯದ ಕೆಳಗೆ 'ಸೂಪರ್' ಅಂತ ಹಾಕಿ ಸುಮ್ನೆ ಬಿಡಬೇಡಿ, ಮಾತ್ರೆ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ; ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು) ಎಣಿಸಿ. 1, 2, 4, 5ನೇ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ಗಣಗಳು (ಗುಂಪುಗಳು), ಒಟ್ಟು 14. ಮೂರನೇ ಮತ್ತು ಆರನೇ ಸಾಲಿನಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. (ಆ ಕೊನೆಯ ಅಕ್ಷರ ಲಘುವಾಗಿದ್ದರೂ ಗುರು ಅಂತಲೇ ಲೆಕ್ಕ.) ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸವನ್ನೂ ಗುರುತಿಸಿ.

ಆಮೇಲೆ ಜೋರಾಗಿ ಓದಿ. ಇದೇ ಅಳತೆಯಲ್ಲಿ ದ್ರೌಪದಿಯ ಅಳಲೂ ಇದೆ, ಭೀಮನ ಸಿಟ್ಟೂ ಇದೆ ಅಲ್ವಾ? ಹಾಗಾಗಿ 'ಭಾಮಿನಿ ಅಂದರೆ ಕರುಣರಸ' ಅಂತ ಬರೆದರೆ ನಾನಂತೂ ಒಪ್ಪುವುದಿಲ್ಲ. ಮಾತು ಗಣದ ಜೊತೆಗೇ ನಿಲ್ಲುತ್ತದಾ, ಗಣ ದಾಟಿ ಓಡುತ್ತದಾ ನೋಡಿ. ಭಾವದ ಸುಳಿವು ಜಾಸ್ತಿ ಸಿಗುವುದು ಅಲ್ಲೇ. ವಾಯ್ಸ್ ನೋಟ್ ಆದರೂ ಸರಿ, ಶನಿವಾರದೊಳಗೆ ಹಾಕಿ.